ನದಿ ಮೀನಿಗೆ ಕಡಿಮೆ ಬೆಲೆಯ ಸ್ಪಿನ್ನಿಂಗ್ ರಾಡ್: ಏನು ನೋಡಿ ಕೊಳ್ಳಬೇಕು?

ಎರಡು ಸಾವಿರದೊಳಗೆ, ಉಡುಪಿ ಬಳಿಯ ಸ್ವರ್ಣಾ ನದಿಯ ಸಿಹಿನೀರಿನಲ್ಲಿ ಗಾಳ ಹಾಕಲು ಯಾವ ಸ್ಪಿನ್ನಿಂಗ್ ರಾಡ್ ಕೊಳ್ಳಲಿ ಎಂದು ಕೇಳಿದ್ದೀರಿ. ಸ್ಪಿನ್ನಿಂಗ್ ರಾಡ್ ಅಂದರೆ ಗಾಳವನ್ನು ದೂರಕ್ಕೆ ಬೀಸಿ ಎಸೆದು, ರೀಲಿನಿಂದ ದಾರ ಸುತ್ತಿಕೊಳ್ಳುವ ಕೋಲು. ಆರೂವರೆಯಿಂದ ಏಳು ಅಡಿಯ, ಮೀಡಿಯಂ ಪವರ್‌ನ (ತೀರಾ ಮೆದುವೂ ಅಲ್ಲದ, ತೀರಾ ಗಡುಸೂ ಅಲ್ಲದ) ಫೈಬರ್‌ಗ್ಲಾಸ್ ರಾಡ್ ಧಾರಾಳ ಸಾಕು. ಆದರೆ ಬ್ರ್ಯಾಂಡ್‌ಗಿಂತ ಮೊದಲು ಹಿಡಿಕೆಯ ಮೇಲೆ ಬರೆದಿರುವ ಲೂರ್ ತೂಕ ನೋಡಿ. ಲೂರ್ ಅಂದರೆ ಮೀನನ್ನು ಮರುಳು ಮಾಡುವ ಕೃತಕ ಎರೆ.

ರಾಡ್ ಕೆಲಸ ಮಾಡುವುದು ಸ್ಪ್ರಿಂಗ್‌ನ ಹಾಗೆ. ಬೀಸುವಾಗ ಲೂರಿನ ಭಾರಕ್ಕೆ ಅದು ಹಿಂದಕ್ಕೆ ಬಾಗುತ್ತದೆ, ನೆಟ್ಟಗಾಗುವಾಗ ಲೂರನ್ನು ಚಿಮ್ಮಿಸುತ್ತದೆ. 10–30 ಗ್ರಾಂ ಎಂದಿರುವ ರಾಡಿಗೆ 3 ಗ್ರಾಂ ಲೂರ್ ಕಟ್ಟಿದರೆ ರಾಡ್ ಬಾಗುವುದೇ ಇಲ್ಲ. ಎಷ್ಟು ಜೋರಾಗಿ ಬೀಸಿದರೂ ಲೂರ್ ಕಾಲಬುಡದಲ್ಲೇ ಬೀಳುತ್ತದೆ. ತೀರಾ ಭಾರದ್ದು ಕಟ್ಟಿದರೆ ತುದಿ ಮುರಿದೀತು. ನಿಮಗೆ 5–20 ಗ್ರಾಂ ಸರಿಹೋಗುತ್ತದೆ.

ಕಾರ್ಬನ್ ರಾಡ್ ಹಗುರ, ಮೀನು ಕಚ್ಚಿದ್ದು ಕೈಗೆ ಬೇಗ ಗೊತ್ತಾಗುತ್ತದೆ, ನಿಜ. ಆದರೆ ಕಲ್ಲಿಗೆ ತಾಗಿ ಸಣ್ಣ ಗೀರು ಬಿದ್ದರೂ ಮುಂದೊಂದು ದಿನ ಅಲ್ಲೇ ಮುರಿಯಬಹುದು. ಸ್ಕೂಟರಿಗೆ ಕಟ್ಟಿಕೊಂಡು ಮಣಿಪಾಲದ ಇಳಿಜಾರು ಇಳಿಯುವವರಿಗೆ ಎರಡು ತುಂಡಾಗಿ ಬಿಚ್ಚಿ ಜೋಡಿಸುವ ಫೈಬರ್‌ಗ್ಲಾಸ್ ರಾಡೇ ವಾಸಿ. ಎಳೆದು ಉದ್ದ ಮಾಡುವ ಟೆಲಿಸ್ಕೋಪಿಕ್ ರಾಡ್ ನನಗಂತೂ ಹಿಡಿಸುವುದಿಲ್ಲ, ಕೀಲುಗಳಲ್ಲಿ ಮರಳು ಸೇರುತ್ತದೆ.

ದಾರ ಹಾಯುವ ಉಂಗುರಗಳ ಒಳಗೆ ಬೆರಳಾಡಿಸಿ ನೋಡಿ, ತರಿ ಇದ್ದರೆ ದಾರ ಸವೆಯುತ್ತದೆ. ಅಳಿವೆಯ ಹತ್ತಿರದ ನೀರು ಉಪ್ಪು. ಅಲ್ಲಿ ಬಳಸಿದ ದಿನ ರಾಡ್, ರೀಲ್ ಎರಡನ್ನೂ ಸಿಹಿನೀರಲ್ಲಿ ತೊಳೆಯಿರಿ.