ಅಪ್ಪನ ಹಾಲಿನ ಲೆಕ್ಕ

ಪ್ರಶ್ನೆ: ಎಂಟು ತಿಂಗಳ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಕೈಕಾಲು ಸರಿಯಾಗಿವೆ, ಮರೆವು ಮಾತ್ರ ಜಾಸ್ತಿ. ಮುಂದೆ ನೆನಪು ಉಳಿಯುತ್ತದೋ ಇಲ್ಲವೋ ಅಂತ ರಕ್ತ ನೋಡಿ ಹೇಳುತ್ತಾರಂತೆ. ಮಾಡಿಸಲಾ?
(ಓದುಗರು, ಹಾಸನ)

ಸಂಪಾದಕರ ಉತ್ತರ: ನಿಮ್ಮ ಪತ್ರದ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. ದಿನಾ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದ ಅಪ್ಪ ಈಗ ಒಂದೇ ತಾರೀಖಿನ ಮೇಲೆ ಮೂರು ಸಲ 'ಅರ್ಧ ಲೀಟರ್' ಅಂತ ಬರೆದಿದ್ದಾರೆ, ಮುಂದಿನ ನಾಲ್ಕು ದಿನ ಖಾಲಿ. ಆ ಹಾಳೆಯನ್ನು ಎಸೆಯಬೇಡಿ. ವೈದ್ಯರಿಗೆ ಮೊದಲು ತೋರಿಸಬೇಕಾದ್ದು ಅದನ್ನೇ.

ನೀವು ಕೇಳಿದ್ದು ಪೂರ್ತಿ ಸುಳ್ಳಲ್ಲ. ನಮ್ಮ ನರತಂತುಗಳೊಳಗೆ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನ್ ಇದೆ. ತಂತು ಹಾಳಾದರೆ ಅದರ ಚೂರು ರಕ್ತಕ್ಕೆ ಸೇರುತ್ತದೆ. ಸ್ಟ್ರೋಕ್ (ನೀವು ಹೇಳಿದ ಲಕ್ವ) ಆದ ಮೇಲೆ ಕೆಲವು ವಾರ ಏರಿ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಇದು ಜಾಸ್ತಿ ಇದ್ದವರಲ್ಲಿ ಮುಂದೆ ಮರೆವೂ ಜಾಸ್ತಿ ಕಂಡಿದೆ. ಆದರೆ ಅದು ನೂರಾರು ರೋಗಿಗಳನ್ನು ಒಟ್ಟಿಗೆ ನೋಡಿ ಹೇಳಿದ ಮಾತು. ವಯಸ್ಸಾದರೂ ಏರುತ್ತದೆ, ಕಿಡ್ನಿ ಸೋತರೂ ಏರುತ್ತದೆ. ನಿಮ್ಮ ಅಪ್ಪನ ಒಂದು ಅಂಕಿ ಹಿಡಿದು ಭವಿಷ್ಯ ಹೇಳಲು ಬರುವುದಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ರಕ್ತಪರೀಕ್ಷೆಯೂ ಆಲ್‌ಝೈಮರ್ ಎಂಬ ಬೇರೆ ಮರೆವಿನ ಕಾಯಿಲೆಯ ಪತ್ತೆಗೆ ಇರುವಂಥದ್ದು, ಸ್ಟ್ರೋಕ್ ನಂತರದ ಮರೆವಿಗಲ್ಲ.

ಆ ದುಡ್ಡು ಉಳಿಸಿಕೊಳ್ಳಿ. ಬಿ12, ಥೈರಾಯ್ಡ್ ನೋಡಿಸಿ. ಸಸ್ಯಾಹಾರಿಗಳು ಅಂದಿದ್ದೀರಿ, ಬಿ12 ಅಂತೂ ಬಿಡಲೇಬೇಡಿ. ಅದು ಕಡಿಮೆಯಾದರೂ ಮರೆವು ಬರುತ್ತದೆ, ಬೇಗ ಗೊತ್ತಾದರೆ ಇಂಜೆಕ್ಷನ್ನಿಗೆ ಸುಧಾರಿಸಬಹುದು. ಅಪ್ಪ ಟಿವಿಯನ್ನೂ ಹಾಕದೆ ಸುಮ್ನೆ ಕೂತಿರುತ್ತಾರೆ ಅಂತಲೂ ಬರೆದಿದ್ದೀರಿ. ಸ್ಟ್ರೋಕ್ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಮನೆಯವರಿಗೆ ಅದು ಮರೆವಿನ ಹಾಗೇ ಕಾಣುತ್ತದೆ. ಇದಕ್ಕೂ ಚಿಕಿತ್ಸೆ ಇದೆ, ಸಂಕೋಚ ಬೇಡ.

ನೆನಪಿನ ಪರೀಕ್ಷೆ ಕೂತು ಮಾಡುವಂಥದ್ದು. ಗಡಿಯಾರ ಬರೆಸುತ್ತಾರೆ, ಐದು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. ಕನ್ನಡದಲ್ಲೇ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ಗೂ ಕರೆದುಕೊಂಡು ಹೋಗಬಹುದು.

ಪತ್ರದ ಕೊನೆಯಲ್ಲಿ ನೀವು ಹಗುರಾಗಿ ಬರೆದ ಮಾತು ನನಗೆ ಎಲ್ಲಕ್ಕಿಂತ ಹೆದರಿಕೆ ತಂದಿತು: 'ಬಿಪಿ ನಾರ್ಮಲ್ ಬಂತು, ಮಾತ್ರೆ ನಿಲ್ಲಿಸಿದ್ದೇವೆ.' ಮಾತ್ರೆಯಿಂದಲೇ ನಾರ್ಮಲ್ ಬಂದಿರುವುದು, ಅಲ್ವಾ? ಬಿಟ್ಟರೆ ಬಿಪಿ ಮತ್ತೆ ಏರಿ ಇನ್ನೊಂದು ಸ್ಟ್ರೋಕ್ ಆಗಬಹುದು. ಮೊದಲ ಸ್ಟ್ರೋಕಿನ ನಂತರ ಹೊಸದಾಗಿ ಡಿಮೆನ್ಷಿಯಾ (ದಿನದ ಕೆಲಸಕ್ಕೂ ಅಡ್ಡಿಯಾಗುವಷ್ಟು ಮರೆವು) ಬರುವುದು ಹತ್ತರಲ್ಲಿ ಒಬ್ಬರಿಗೆ. ಮತ್ತೆ ಸ್ಟ್ರೋಕ್ ಆದವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಡಿಮೆನ್ಷಿಯಾ ಇರುತ್ತದೆ. ಇವತ್ತೇ ವೈದ್ಯರಿಗೆ ಫೋನ್ ಮಾಡಿ, ಮಾತ್ರೆ ಬಿಟ್ಟು ಎಷ್ಟು ದಿನವಾಯಿತು ಅಂತ ಮುಚ್ಚಿಡದೆ ಹೇಳಿ. ಅವರೇನಂದರು ಅಂತ ನನಗೂ ಒಂದು ಸಾಲು ಬರೆಯಿರಿ.