ಸಂಬಳವಿಲ್ಲದ ಅಗ್ನಿಶಾಮಕರಿಗೆ ಪಿಂಚಣಿ ಯಾಕೆ?

ನ್ಯೂಯಾರ್ಕ್ ರಾಜ್ಯದ ನಿಮ್ಮ ಊರಿನಲ್ಲಿ ಸ್ವಯಂಸೇವಕ ಅಗ್ನಿಶಾಮಕರಿಗೆ ಪಿಂಚಣಿ ಕೊಡುವ ವಿಷಯ ಮತಕ್ಕೆ ಬಂದಿದೆ, ಸಂಬಳವೇ ಇಲ್ಲದವರಿಗೆ ಪಿಂಚಣಿ ಯಾಕೆ ಅಂತ ಕೇಳಿದ್ದೀರಿ. ನಾನೂ ಇದೇ ರಾಜ್ಯದ ಒಂದು ಸಣ್ಣ ಊರಿನ ದಳದಲ್ಲಿ ಸ್ವಯಂಸೇವಕ. ಖಂಡಿತ ಕೊಡಬೇಕು ಅನ್ನುತ್ತೇನೆ.

ಹೆಸರು ಬರೆಸಿ ಮನೆಯಲ್ಲಿ ಕೂತವರಿಗೆ ಈ ದುಡ್ಡು ಬರುವುದಿಲ್ಲ. ವರ್ಷಕ್ಕೆ 50 ಅಂಕ ಗಳಿಸಿದರೆ ಮಾತ್ರ ಆ ವರ್ಷ ಲೆಕ್ಕಕ್ಕೆ ಸೇರುತ್ತದೆ. ತರಬೇತಿ, ಡ್ರಿಲ್, ಸಭೆ ಎಲ್ಲಕ್ಕೂ ಇಷ್ಟೇ ಅಂಕ ಅಂತ ಮಿತಿಯಿದೆ. ಬೆಂಕಿಯ ಕರೆಗಳಿಗೆ ಓಡಿಬಂದದ್ದಕ್ಕೆ ಇಡೀ ವರ್ಷಕ್ಕೆ ಸೇರಿ 25 ಅಂಕ. ಅದಕ್ಕೂ, ಸಣ್ಣ ದಳಗಳಲ್ಲಿ, ವರ್ಷದ ಕರೆಗಳಲ್ಲಿ ನೂರಕ್ಕೆ ಹತ್ತಕ್ಕಾದರೂ ಹೋಗಿರಬೇಕು. ಅಂಕಗಳ ಪಟ್ಟಿಯನ್ನು 30 ದಿನ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ, ತಕರಾರಿದ್ದವರು ಎತ್ತಬಹುದು.

ಸಿಗುವುದೆಷ್ಟು? ಎಷ್ಟೋ ಕಡೆ ಸೇವೆಯ ಒಂದೊಂದು ವರ್ಷಕ್ಕೆ ತಿಂಗಳಿಗೆ 20 ಡಾಲರ್. 25 ವರ್ಷ ದುಡಿದವರಿಗೆ ವಯಸ್ಸಾದ ಮೇಲೆ ತಿಂಗಳಿಗೆ 500. ಅದರಲ್ಲಿ ಯಾರೂ ಶ್ರೀಮಂತರಾಗುವುದಿಲ್ಲ.

ನಮ್ಮ ದಳದಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಉರಿಯುವ ಮನೆಯೊಳಗೆ ಈಗ ನುಗ್ಗುವುದಿಲ್ಲ, ಪಂಪ್ ನೋಡಿಕೊಳ್ಳುತ್ತಾರೆ. ಜನವರಿಯ ರಾತ್ರಿ ಹಿಮದಲ್ಲಿ ನಿಂತು ಮೀಟರಿನ ಮುಳ್ಳಿನಿಂದ ಕಣ್ಣು ಕೀಳುವುದಿಲ್ಲ. ಒತ್ತಡ ಇಳಿದರೆ ಒಳಗೆ ಪೈಪ್ ಹಿಡಿದಿರುವ ಹುಡುಗರ ಜೀವಕ್ಕೇ ಅಪಾಯ. ನೀರು ಹರಿಯದೆ ನಿಂತರೆ ಪೈಪಿನಲ್ಲೇ ಗಡ್ಡೆಕಟ್ಟುತ್ತದೆ. ಯಾವ ಹೈಡ್ರಂಟ್ (ಬೆಂಕಿ ಆರಿಸಲು ಬೀದಿಬದಿಯಲ್ಲಿರುವ ನೀರಿನ ನಲ್ಲಿ) ಕೈಕೊಡುತ್ತದೆ, ನೀರಿಗಾಗಿ ಯಾವ ಕೆರೆಗೆ ಲಾರಿ ಇಳಿಯುತ್ತದೆ, ಅವರಿಗೆ ಎಲ್ಲ ಬಾಯಿಪಾಠ. ಇಂಥವರನ್ನು ಇನ್ನೈದು ವರ್ಷ ಉಳಿಸಿಕೊಳ್ಳುವುದೇ ಈ ಪಿಂಚಣಿಯ ನಿಜವಾದ ಕೆಲಸ. ಅಮೆರಿಕದಲ್ಲಿ 1984ರಲ್ಲಿ ಸುಮಾರು 9 ಲಕ್ಷ ಸ್ವಯಂಸೇವಕ ಅಗ್ನಿಶಾಮಕರಿದ್ದರು, 2020ಕ್ಕೆ 6.8 ಲಕ್ಷಕ್ಕೆ ಇಳಿದರು. ಇವರ ಜಾಗಕ್ಕೆ ಸಂಬಳದವರನ್ನು ತಂದರೆ ನಿಮ್ಮ ಆಸ್ತಿ ತೆರಿಗೆ ಎಲ್ಲಿಗೆ ಹೋಗುತ್ತದೆ, ಲೆಕ್ಕ ಹಾಕಿ ನೋಡಿ.

ಇಪ್ಪತ್ತರ ಹುಡುಗರು ಮಾತ್ರ ಪಿಂಚಣಿ ನೋಡಿ ಸೇರುವುದಿಲ್ಲ. ಮನೆ ತೆರಿಗೆಯಲ್ಲಿ ಶೇ. 10ರವರೆಗೆ ವಿನಾಯಿತಿ ಕೊಡಲು ಇಲ್ಲಿ ಅವಕಾಶವಿದೆ, ಆದರೆ ಸ್ವಂತ ಮನೆಯಿಲ್ಲದವರಿಗೆ ಅದರಿಂದ ಏನೂ ಸಿಗದು. ಅವರಿಗೆ ಬೇರೆಯೇ ದಾರಿ ಹುಡುಕಬೇಕು.

ಮತ ಹಾಕುವ ಮೊದಲು ಸಾರ್ವಜನಿಕ ಸಭೆಗೆ ಹೋಗಿ ಎರಡು ವಿಷಯ ಕೇಳಿ. ಆಂಬ್ಯುಲೆನ್ಸ್ ಸ್ವಯಂಸೇವಕರೂ ಇದರಲ್ಲಿ ಸೇರುತ್ತಾರಾ? ಈಗಾಗಲೇ ಸಲ್ಲಿಸಿದ ಸೇವೆಯಲ್ಲಿ 5 ವರ್ಷದವರೆಗೆ ಲೆಕ್ಕಕ್ಕೆ ಹಿಡಿಯಲು ಕಾನೂನು ಬಿಡುತ್ತದೆ, ನಿಮ್ಮೂರಿನವರು ಹಿಡಿಯುತ್ತಾರಾ? ಇಲ್ಲ ಅಂದರೆ ಸೇರಿಸಿ ಅಂತ ಅಲ್ಲೇ ಪಟ್ಟು ಹಿಡಿಯಿರಿ.