ಹಿಮಕ್ಕೆ ಬಿಳಿ ಬಣ್ಣ ಬೇಡ

ಜಪಾನಿನ ಕಲಾವಿದ ಹರುನೊಬು ಬರೆದ, ಹಿಮದಲ್ಲಿ ಒಂದೇ ಕೊಡೆ ಹಿಡಿದು ನಡೆಯುವ ಜೋಡಿಯನ್ನು ಮರದಚ್ಚಿನಲ್ಲಿ ತೆಗೆದು ಹೆಂಡತಿಗೆ ಕೊಡಬೇಕು, ಹಿಮಕ್ಕೆ ಯಾವ ಬಿಳಿ ಬಣ್ಣ ಒಳ್ಳೆಯದು ಅಂತ ಕೇಳಿದ್ದೀರಿ. ಯಾವುದೂ ಬೇಡ. ಅಲ್ಲಿರುವ ಬಿಳಿ ಎಲ್ಲ ಬರೀ ಕಾಗದ.

ಎದೊ ನಗರದಲ್ಲಿ (ಈಗಿನ ಟೋಕಿಯೊ) ಬಹುವರ್ಣದ ಅಚ್ಚು, ಅಂದರೆ ನಿಶಿಕಿ-ಎ, ಶುರುವಾಗಿದ್ದು 1765ರ ಸುಮಾರಿಗೆ. ಅದರಲ್ಲಿ ಮುಂದಿದ್ದವನು ಸುಜುಕಿ ಹರುನೊಬು. 1770ರಲ್ಲಿ ತೀರಿಹೋದ. ಈ ಚಿತ್ರದಲ್ಲಿ ಗಂಡು ಕಪ್ಪು ಬಟ್ಟೆ, ಹೆಣ್ಣು ಬಿಳಿ ಬಟ್ಟೆ. ಅದಕ್ಕೇ ಇದನ್ನು ಕಾಗೆ ಮತ್ತು ಬೆಳ್ಳಕ್ಕಿ ಅಂತಲೂ ಕರೆಯುತ್ತಾರೆ. ಹರುನೊಬು ಬರೆದ ಮುಖಗಳು ಗಂಡಾಗಲಿ ಹೆಣ್ಣಾಗಲಿ ಹೆಚ್ಚುಕಡಿಮೆ ಒಂದೇ ಥರ, ಅಲ್ವಾ? ಹಾಗಾಗಿ ಪ್ರೀತಿಯನ್ನು ಹೇಳುವುದು ಮುಖವಲ್ಲ, ಕೊಡೆ. ಒಂದೇ ಕೊಡೆ ಹಂಚಿಕೊಳ್ಳುವುದಕ್ಕೆ ಜಪಾನಿನಲ್ಲಿ ಐ-ಐ-ಗಾಸಾ ಎನ್ನುತ್ತಾರೆ. ಇಲ್ಲಿ ಐ ಅಂದರೆ ಒಬ್ಬರಿಗೊಬ್ಬರು. ಪ್ರೀತಿ ಎಂಬ ಪದದ ಉಚ್ಚಾರವೂ ಅದೇ. ಇವತ್ತಿಗೂ ಅಲ್ಲಿನ ಮಕ್ಕಳು ಕೊಡೆ ಬರೆದು ಅದರ ಕೆಳಗೆ ಇಬ್ಬರ ಹೆಸರು ಗೀಚುತ್ತಾರೆ.

ಈಗ ಕೆಲಸಕ್ಕೆ ಬರೋಣ. ಹಿಮದ ಉಬ್ಬು ಬರುವುದು ಕರಾಜುರಿಯಿಂದ: ಬಣ್ಣ ಹಚ್ಚದ ಅಚ್ಚಿನ ಮೇಲೆ ಒದ್ದೆ ಕಾಗದ ಇಟ್ಟು ಒತ್ತುವುದು. ಕಾಗದ ದಪ್ಪ ಇರಲಿ, ಮೆತ್ತಗಿರಲಿ. ಒದ್ದೆ ಪೇಪರ್ ಹಾಳೆಗಳ ನಡುವೆ ಇಟ್ಟು, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಂದು ರಾತ್ರಿ ಬಿಡಿ. ಮುಟ್ಟಿದರೆ ತಣ್ಣಗಿರಬೇಕು, ನೀರು ಹೊಳೆಯಬಾರದು. ನಾನು ಮೊದಲ ಸಲ ಸೌಟಿನ ಬೆನ್ನಿನಿಂದ ಜಾಸ್ತಿ ಒತ್ತಿ ಅಂಚೆಲ್ಲ ಹರಿದುಹಾಕಿದೆ. ಕಾಗದದ ಮೇಲೆ ತೆಳು ಬಟ್ಟೆ ಹಾಸಿ ಮೊಣಕೈಯಿಂದ ಒತ್ತಿ. ಬಣ್ಣಗಳೆಲ್ಲ ಮುಗಿದ ಮೇಲೆ, ಕೊನೆಗೆ ಈ ಕೆಲಸ ಮಾಡಿ. ಇಲ್ಲದಿದ್ದರೆ ಉಬ್ಬು ಮತ್ತೆ ಚಪ್ಪಟೆಯಾಗುತ್ತದೆ.

ಲಿನೋ, ಅಂದರೆ ಕೆತ್ತನೆಗೆ ಬಳಸುವ ಲಿನೋಲಿಯಂ ಹಾಳೆ, ಬೇಡ, ನೀರಿನ ಬಣ್ಣ ಅದರ ಮೇಲೆ ಸರಿಯಾಗಿ ನಿಲ್ಲುವುದಿಲ್ಲ. ಎದೊದ ಅಚ್ಚುಗಾರರು ಬಳಸುತ್ತಿದ್ದುದು ಕಾಡು ಚೆರ್ರಿ ಮರ. ಸೂಕ್ಷ್ಮ ಎಳೆಗಳಿರುವ ಗಟ್ಟಿ ಮರ ಯಾವುದಾದರೂ ನಡೆಯುತ್ತದೆ. ಬಣ್ಣಕ್ಕೆ ಚೂರು ಅಕ್ಕಿ ಅಂಟು ಸೇರಿಸಿದರೆ ಕಪ್ಪು ಚುಕ್ಕೆಚುಕ್ಕೆಯಾಗದೆ ಸಮನಾಗಿ ಕೂರುತ್ತದೆ. ಪ್ರತಿ ಅಚ್ಚಿನಲ್ಲೂ ಕೆಂತೊ ಗುರುತು ಕೆತ್ತುವುದನ್ನು ಮರೆಯಬೇಡಿ, ಮೂಲೆಗೊಂದು, ಅಂಚಿಗೊಂದು. ಕಾಗದವನ್ನು ಪ್ರತಿಸಲ ಅದಕ್ಕೇ ತಾಗಿಸಿ ಇಡಬೇಕು. ಕೂದಲೆಳೆ ಸರಿದರೂ ಅವಳ ಮುಖದ ಗೆರೆ ಕೆಡುತ್ತದೆ.

ಮೊದಲ ಪ್ರತಿ ಬಂದಾಗ ಫೋಟೋ ಹಾಕಿ. ಬೆಳಕು ಪಕ್ಕದಿಂದ ಬೀಳಲಿ, ಎದುರಿನಿಂದ ತೆಗೆದರೆ ಉಬ್ಬು ಕಾಣುವುದಿಲ್ಲ.